ಮನೆಯ ಅಕ್ವೇರಿಯಂನಲ್ಲಿ ಹಾವುಮೀನು: ಮೊದಲು ಮರಳು, ಆಮೇಲೆ ಮೀನು

ಅಕ್ವೇರಿಯಂ ಅಂಗಡಿಗಳಲ್ಲಿ ಈಲ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಸಿಹಿನೀರಿನ ಮೀನುಗಳಲ್ಲಿ ಹೆಚ್ಚಿನವು, ಬೆನ್ನಿನ ಮೇಲೆ ಬಿಡಿಬಿಡಿಯಾದ ಸಣ್ಣ ಮುಳ್ಳುಗಳ ಸಾಲಿರುವ ಮ್ಯಾಸ್ಟಸೆಂಬೆಲಿಡೇ ಕುಟುಂಬದ ಹಾವುಮೀನುಗಳು. ನಮ್ಮ ನದಿಗಳಲ್ಲಿರುವ ಆಂಗ್ವಿಲಾ ಕುಲದ ನಿಜವಾದ ಈಲ್‌ಗೂ ಇವಕ್ಕೂ ಹತ್ತಿರದ ನಂಟಿಲ್ಲ. ಅದು ಒಂದು ಮೀಟರಿಗೂ ಮೀರಿ ಬೆಳೆಯುತ್ತದೆ, ಮೊಟ್ಟೆಯಿಡಲು ಸಮುದ್ರಕ್ಕೆ ಹೋಗುತ್ತದೆ, ಮನೆಯ ತೊಟ್ಟಿಗೆ ಒಗ್ಗುವುದಿಲ್ಲ. ಮುಳ್ಳಿನ ಹಾವುಮೀನು ಬೇರೆ ಮೀನುಗಳ ಜೊತೆ ನೆಮ್ಮದಿಯಾಗಿ ಬಾಳಬಲ್ಲದು. ಆದರೆ ಬೇರೆ ಮೀನುಗಳಿಗೆಂದೇ ಸಿದ್ಧಪಡಿಸಿದ ತೊಟ್ಟಿಗೆ ಕೊನೆಯಲ್ಲಿ ಒಂದು ಹಾವುಮೀನನ್ನು ತಂದು ಬಿಡುವ ರೂಢಿಯಿಂದಲೇ ಇವು ಹೆಚ್ಚಾಗಿ ಸಾಯುತ್ತವೆ. ತೊಟ್ಟಿಯ ತಳ, ಮುಚ್ಚಳ ಮತ್ತು ಊಟದ ಹೊತ್ತು ಈ ಮೂರನ್ನೂ ಹಾವುಮೀನಿಗಾಗಿಯೇ ಮೊದಲು ನಿರ್ಧರಿಸಿಕೊಳ್ಳಬೇಕು.

ಜಾತಿಯ ಆಯ್ಕೆ ಮೊದಲ ಕೆಲಸ. ಅಂಗಡಿಯಲ್ಲಿ ಎಲ್ಲವೂ ಬೆರಳುದ್ದದ ಮರಿಗಳಾಗಿಯೇ ಇರುವುದರಿಂದ ಹೆಸರು ಕೇಳದೆ ಕೊಳ್ಳಬಾರದು. ಕೆಂಪು ಪಟ್ಟೆಗಳ ಫೈರ್ ಈಲ್ ಒಂದು ಮೀಟರಿನವರೆಗೆ ಬೆಳೆಯಬಲ್ಲದು. ನಮ್ಮ ನದಿಗಳಲ್ಲೂ ಇರುವ, ಮೈಮೇಲೆ ಅಂಕುಡೊಂಕು ಗುರುತಿನ ಮ್ಯಾಸ್ಟಸೆಂಬೆಲಸ್ ಅರ್ಮೇಟಸ್ ಸುಮಾರು 90 ಸೆಂಟಿಮೀಟರ್ ಮುಟ್ಟಬಲ್ಲದು. ಸಾಮಾನ್ಯ ಮನೆಗೆ ಹೊಂದುವುದು ಪೀಕಾಕ್ ಈಲ್. ಆಗ್ನೇಯ ಏಷ್ಯಾ ಮೂಲದ ಈ ಮೀನು ತೊಟ್ಟಿಯಲ್ಲಿ ಸಾಮಾನ್ಯವಾಗಿ 20ರಿಂದ 25 ಸೆಂಟಿಮೀಟರ್ ಬೆಳೆಯುತ್ತದೆ, ಬಾಲದ ಕಡೆಗೆ ಬೆನ್ನಿನ ರೆಕ್ಕೆಯ ಬುಡದಲ್ಲಿ ಸಾಲಾಗಿರುವ ಕಣ್ಣಿನಾಕಾರದ ಕಪ್ಪು ಚುಕ್ಕೆಗಳಿಂದ ಗುರುತು ಸಿಗುತ್ತದೆ. ಒಂದು ಮೀನಿಗೆ 36 ಇಂಚು ಉದ್ದ, 15 ಇಂಚು ಅಗಲ, 18 ಇಂಚು ಎತ್ತರದ, ಅಂದರೆ ಸುಮಾರು 150 ಲೀಟರ್ ಹಿಡಿಯುವ ತೊಟ್ಟಿ ಬೇಕು. ಎತ್ತರಕ್ಕಿಂತ ತಳದ ವಿಸ್ತಾರ ಮುಖ್ಯ, ಏಕೆಂದರೆ ಇದು ತಳದಲ್ಲೇ ಬದುಕುವ ಮೀನು.

ಇನ್ನು ಮರಳು. ಹಾವುಮೀನು ಹಗಲೆಲ್ಲ ಮೈಯನ್ನು ಮರಳಿನಲ್ಲಿ ಹುದುಗಿಸಿಕೊಂಡು ಮೂತಿಯನ್ನಷ್ಟೇ ಹೊರಗಿಟ್ಟುಕೊಂಡಿರುತ್ತದೆ. ಇದರ ಹುರುಪೆ ಬಹಳ ಸಣ್ಣದಾದ್ದರಿಂದ ಒರಟು ಜಲ್ಲಿ ಉಜ್ಜಿದರೆ ಚರ್ಮ ತರಚುತ್ತದೆ, ಆ ಗಾಯಕ್ಕೆ ಬ್ಯಾಕ್ಟೀರಿಯಾ ಮತ್ತು ಬೂಸು ತಗಲುತ್ತವೆ. ಈಗ ಎಲ್ಲೆಡೆ ಸುಲಭವಾಗಿ ಸಿಗುವ ಎಂ-ಸ್ಯಾಂಡ್ ಕಲ್ಲನ್ನು ಪುಡಿ ಮಾಡಿದ್ದು, ಅದರ ಕಣಗಳಿಗೆ ಚೂಪು ಅಂಚುಗಳಿರುತ್ತವೆ; ಅದನ್ನು ಖಂಡಿತ ಹಾಕಬಾರದು. ದುಂಡು ಕಣದ ನುಣ್ಣನೆಯ ಮರಳನ್ನು ಆರಿಸಿ, ಒಂದು ಚಮಚ ಮರಳಿನ ಮೇಲೆ ವಿನೆಗರ್ ಹನಿಸಿ ನೋಡಿ. ನೊರೆಯೆದ್ದರೆ ಅದರಲ್ಲಿ ಸುಣ್ಣದ ಅಂಶವಿದೆ, ಅದು ನೀರಿನ ಗಡಸುತನವನ್ನು ಏರಿಸುತ್ತದೆ. ಬಕೆಟ್ಟಿನಲ್ಲಿ ಹಾಕಿ ನೀರು ತಿಳಿಯಾಗುವವರೆಗೆ ತೊಳೆದು, ಎರಡರಿಂದ ಮೂರು ಇಂಚು ದಪ್ಪಕ್ಕೆ ಹರಡಬೇಕು. ಮೇಲೆ ಹೇಳಿದ ಅಳತೆಗೆ ಸುಮಾರು 35 ಕಿಲೋ ಮರಳು ಹಿಡಿಯುತ್ತದೆ. ಭಾರದ ಕಲ್ಲುಗಳನ್ನು ಮರಳಿನ ಮೇಲಿಡದೆ ನೇರವಾಗಿ ಗಾಜಿನ ತಳಕ್ಕೆ ತಾಗುವಂತೆ ಕೂರಿಸಿ, ಇಲ್ಲದಿದ್ದರೆ ಮೀನು ಕೆಳಗೆ ಕೊರೆದಾಗ ಕಲ್ಲು ಕುಸಿದು ಅದನ್ನೇ ಜಜ್ಜಬಹುದು. ಅಡಗಲು ಪಿವಿಸಿ ಪೈಪಿನ ಒಂದೆರಡು ತುಂಡು ಸಾಕು.

ಮುಚ್ಚಳದಲ್ಲಿ ವೈರ್ ಮತ್ತು ಪೈಪು ಹೋಗುವ ಸಂದುಗಳನ್ನೂ ಸ್ಪಂಜಿನಿಂದ ಮುಚ್ಚಿ. ಮೂತಿ ತೂರುವಷ್ಟು ಜಾಗ ಸಿಕ್ಕರೆ ಹಾವುಮೀನು ರಾತ್ರಿ ಹೊರಬಿದ್ದು ನೆಲದ ಮೇಲೆ ಒಣಗಿ ಸಾಯುತ್ತದೆ. ಫಿಲ್ಟರ್ ನೀರು ಹೀರುವ ತುದಿಗೂ ಸ್ಪಂಜ್ ಹಾಕಿ.

ನಲ್ಲಿ ನೀರಿಗೆ ಆ್ಯಂಟಿ-ಕ್ಲೋರಿನ್ ಬೆರೆಸಿ, ಫಿಲ್ಟರ್ ಓಡಿಸಿ, ತೊಟ್ಟಿಯ ಕೊಳೆಯಿಂದ ಹುಟ್ಟಿ ಮೀನಿಗೆ ವಿಷವಾಗುವ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಬರುವವರೆಗೆ ಕಾಯಬೇಕು. ಇದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಉಷ್ಣಾಂಶ 24ರಿಂದ 28 ಡಿಗ್ರಿ ಸೆಲ್ಸಿಯಸ್, ಪಿಎಚ್ 6.5ರಿಂದ 7.5 ಇದ್ದರೆ ಒಳ್ಳೆಯದು. ಬೆಂಗಳೂರಿನಂಥ ಕಡೆ ಚಳಿಗಾಲದ ರಾತ್ರಿಗಳಿಗೆ ಹೀಟರ್ ಅಗತ್ಯ. ಜೊತೆಗಾರರಾಗಿ ರೋಸಿ ಬಾರ್ಬ್, ಗೌರಾಮಿ, ರೇನ್‌ಬೋ ಮೀನುಗಳಂಥ ಮಧ್ಯಮ ಗಾತ್ರದ ಸಾಧು ಮೀನುಗಳನ್ನು ಮೊದಲು ಬಿಟ್ಟು, ತೊಟ್ಟಿ ಚೆನ್ನಾಗಿ ಹದಗೊಂಡ ಮೇಲೆ ಹಾವುಮೀನು ತನ್ನಿ. ನಿಯಾನ್ ಟೆಟ್ರಾ, ಗಪ್ಪಿ ಮರಿ, ಸಣ್ಣ ಸೀಗಡಿಗಳು ಅದರ ಬಾಯಿಗೆ ತುತ್ತಾಗುತ್ತವೆ. ಜಗಳಗಂಟ ಸಿಕ್ಲಿಡ್‌ಗಳು ಅದನ್ನು ಕಚ್ಚಿ ಹಿಂಸಿಸುತ್ತವೆ.

ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವುದು ಊಟ. ಅಂಗಡಿಗೆ ಬರುವ ಹಾವುಮೀನುಗಳಲ್ಲಿ ಬಹುಪಾಲು ಹೊಳೆ, ಜೌಗಿನಲ್ಲಿ ಹಿಡಿದವು. ಅವು ಒಣ ಆಹಾರವನ್ನು ಆಹಾರವೆಂದೇ ಗುರುತಿಸುವುದಿಲ್ಲ. ಹಗಲು ಹಾಕಿದ್ದನ್ನು ಬೇರೆ ಮೀನುಗಳು ಮುಗಿಸಿಬಿಡುವುದರಿಂದ, ಮೊದಲು ಅವಕ್ಕೆ ಹೊಟ್ಟೆ ತುಂಬ ಹಾಕಿ, ದೀಪ ಆರಿಸಿ ಅರ್ಧ ಗಂಟೆ ಬಿಟ್ಟು, ಉದ್ದನೆಯ ಪೈಪಿನ ಮೂಲಕ ಬ್ಲಡ್‌ವರ್ಮ್ ಎಂಬ ಸಣ್ಣ ಕೆಂಪು ಹುಳುಗಳನ್ನು ಅಥವಾ ತೊಳೆದು ಕತ್ತರಿಸಿದ ಎರೆಹುಳುವನ್ನು ಮೂತಿಯ ಹತ್ತಿರವೇ ಇಳಿಸಿ. ಎರೆಹುಳು ಕೀಟನಾಶಕ ಸಿಂಪಡಿಸದ ಮಣ್ಣಿನದಾಗಿರಲಿ. ಮಂದ ಬೆಳಕಿನಲ್ಲಿ ಹತ್ತಿರದಿಂದ ನೋಡಿದರೆ, ಮೂತಿಯ ತುದಿಯ ಎರಡು ಪುಟ್ಟ ಕೊಳವೆಯಂಥ ಮೂಗಿನ ಹೊಳ್ಳೆಗಳು ಅತ್ತಿತ್ತ ಹೊರಳಿ ವಾಸನೆ ಹುಡುಕುವುದು, ಹುಳು ತಾಗಿದೊಡನೆ ಮೀನು ಅದನ್ನು ಗಬಕ್ಕನೆ ಹಿಡಿದು ಹಿಂದಕ್ಕೆಳೆದುಕೊಳ್ಳುವುದು ಕಾಣುತ್ತದೆ. ಈ ಮೀನನ್ನು ಸಾಕುವ ನಿಜವಾದ ಸಂತೋಷ ಅದೇ. ಕೊಳ್ಳುವಾಗ ತಲೆಯ ಹಿಂದಿನ ಬೆನ್ನು ಬತ್ತಿ ಏಣು ಕಾಣುವ ಮೀನನ್ನು ಬಿಟ್ಟುಬಿಡಿ; ಅದು ಆಗಲೇ ಬಹಳ ದಿನ ಉಪವಾಸವಿದ್ದಿರುತ್ತದೆ.

ಸ್ಥಳಾಂತರಿಸುವಾಗ ಬಲೆ ಬಳಸಿದರೆ ಬೆನ್ನಿನ ಮುಳ್ಳುಗಳು ಸಿಕ್ಕಿಕೊಳ್ಳುತ್ತವೆ. ಡಬ್ಬಿಯೊಳಗೆ ಓಡಿಸಿಕೊಂಡು ಎತ್ತುವುದು ಕ್ಷೇಮ. ಬಿಳಿಚುಕ್ಕೆ ರೋಗ ಬಂದರೆ ತಾಮ್ರ ಅಥವಾ ಮ್ಯಾಲಕೈಟ್ ಗ್ರೀನ್ ಇರುವ ಔಷಧಿಯನ್ನು ಸೀಸೆಯ ಮೇಲಿನ ಅಳತೆಯಂತೆ ಹಾಕಬೇಡಿ, ಹಾವುಮೀನುಗಳಿಗೆ ಅವು ಬೇಗ ವಿಷವಾಗುತ್ತವೆ. ಮೊದಲು ಏರ್ ಪಂಪ್ ಹೆಚ್ಚಿಸಿ, ಎರಡು ದಿನಗಳಲ್ಲಿ ಮೆಲ್ಲಗೆ ಉಷ್ಣಾಂಶವನ್ನು 30 ಡಿಗ್ರಿಗೆ ಏರಿಸಿ ನೋಡಿ. ಮೀನು ಸಾಕಲಾಗದಷ್ಟು ಬೆಳೆದರೆ ಅಂಗಡಿಗೆ ಹಿಂತಿರುಗಿಸಿ ಅಥವಾ ದೊಡ್ಡ ತೊಟ್ಟಿಯಿರುವವರಿಗೆ ಕೊಡಿ. ಕೆರೆಗಾಗಲಿ ಹೊಳೆಗಾಗಲಿ ಬಿಡಲೇಬೇಡಿ.