ಅಮ್ಮನ ಹಾಡಿನ ಪುಸ್ತಕಕ್ಕೆ ಗೋಧಿ ಹಾಲಿನ ಅಂಟು

ಅಮ್ಮನ ಹಾಡಿನ ಪುಸ್ತಕ ನನ್ನ ಕೈಗೆ ಬರುವ ಹೊತ್ತಿಗೆ ಅದರ ಹಾಳೆಗಳೆಲ್ಲ ಬಿಡಿಬಿಡಿಯಾಗಿದ್ದವು. ಹಸೆಗೆ ಕರೆಯುವ ಹಾಡು, ಎಣ್ಣೆ ಶಾಸ್ತ್ರದ ಹಾಡು, ಆರತಿ ಹಾಡು, ಎಲ್ಲವನ್ನೂ ನೀಲಿ ಶಾಯಿಯಲ್ಲಿ ಗುಂಡಗೆ ಬರೆದಿಟ್ಟಿದ್ದಳು. ಮಲೆನಾಡಿನ ಮನೆ, ಅಟ್ಟದ ಪೆಟ್ಟಿಗೆ, ಎಷ್ಟೋ ಮಳೆಗಾಲ. ನಡುವೆ ಯಾರೋ ಹರಿದ ಕಡೆಗೆಲ್ಲ ಸೆಲ್ಲೋಟೇಪು ಹಚ್ಚಿದ್ದರು. ಆ ಟೇಪು ಒಣಗಿ ತಾನಾಗಿ ಉದುರಿಹೋಗಿತ್ತು. ಅದರ ಗೋಂದು ಮಾತ್ರ ಕಾಗದದೊಳಗೆ ಇಳಿದು ಕಂದು ಪಟ್ಟೆಯಾಗಿ ಉಳಿದಿತ್ತು. ನೀರಿಗೂ ಹೋಗದ ಕಲೆ ಅದು.

ಅದನ್ನು ನೋಡಿದ ಮೇಲೆಯೇ ಅಂಗಡಿಯ ಗಮ್ ಬೇಡವೆಂದು ನಿರ್ಧರಿಸಿದ್ದು. ಹಳೆಯ ಕಾಗದಕ್ಕೆ ಹಚ್ಚುವ ಅಂಟು ಮುಂದೆ ಬೇಕಾದಾಗ ಬಿಡಿಸಲು ಬರುವಂತಿರಬೇಕು. ಪಿಷ್ಟದ ಅಂಟು ಒದ್ದೆ ಮಾಡಿದರೆ ಮೆತ್ತಗಾಗಿ ಬಿಡುತ್ತದೆ. ಹಸ್ತಪ್ರತಿಗಳನ್ನು ಸರಿಪಡಿಸುವವರು ಗೋಧಿ ಪಿಷ್ಟವನ್ನು ನೆಚ್ಚಿಕೊಂಡಿರುವುದಕ್ಕೆ ಇದೂ ಒಂದು ಕಾರಣ.

ಮೊದಲ ಸಲ ಮೈದಾ ಹಿಟ್ಟನ್ನೇ ನೇರವಾಗಿ ಕುದಿಸಿದೆ. ಗಾಳಿಪಟಕ್ಕೆ, ಮಕ್ಕಳ ಪುಸ್ತಕದ ರಟ್ಟಿಗೆ ಅದು ಸಾಕು. ಒಂದು ಲೋಟ ಮೈದಾ, ಐದು ಲೋಟ ನೀರು, ಮೊದಲು ತಣ್ಣೀರಲ್ಲೇ ಗಂಟಿಲ್ಲದಂತೆ ಕಲಸಿ ಆಮೇಲೆ ಒಲೆಗಿಟ್ಟರಾಯಿತು. ಆದರೆ ತೆಳು ಹಾಳೆಗೆ ಅದು ಒರಟು. ಒಣಗಿದ ಮೇಲೆ ಬಿರುಸಾಗಿ ಹಾಳೆ ಸೆಟೆದುಕೊಂಡಿತು. ಕಾರಣ ಹಿಟ್ಟಿನಲ್ಲಿರುವ ಜಿಗುಟು, ಅಂದರೆ ಗ್ಲುಟೆನ್. ಅದನ್ನು ತೆಗೆಯಬೇಕು.

ತೆಗೆಯುವ ದಾರಿ ನಮ್ಮ ಅಡುಗೆಮನೆಯಲ್ಲೇ ಇತ್ತು. ಗೋಧಿ ಹಲ್ವಕ್ಕೆ ಹಾಲು ತೆಗೆಯುತ್ತೇವಲ್ಲ, ಅದೇ. ಒಂದು ಲೋಟ ಗೋಧಿಯನ್ನು ಎರಡು ದಿನ ನೆನೆಸಿ, ದಿನಕ್ಕೆರಡು ಸಲ ನೀರು ಬದಲಿಸಿದೆ. ನುಣ್ಣಗೆ ರುಬ್ಬಿ, ಹಳೆಯ ಮಲ್ಲು ಬಟ್ಟೆಯಲ್ಲಿ ಹಿಂಡಿ, ಹಾಲನ್ನು ರಾತ್ರಿಯಿಡೀ ಅಲುಗಾಡಿಸದೆ ಬಿಟ್ಟೆ. ಬೆಳಿಗ್ಗೆ ಮೇಲೆ ಹಳದಿ ತಿಳಿ, ತಳದಲ್ಲಿ ಸುಣ್ಣದಂತೆ ಬೆಳ್ಳಗೆ ಗಟ್ಟಿಯಾಗಿ ಕೂತ ಪಿಷ್ಟ. ತಿಳಿಯನ್ನು ಬಗ್ಗಿಸಿ ಚೆಲ್ಲಿ, ಹೊಸ ನೀರು ಹಾಕಿ ಕಲಕಿ, ಇನ್ನೊಮ್ಮೆ ತಳಕ್ಕೆ ಇಳಿಯಲು ಬಿಟ್ಟೆ. ಅವಸರವಿದ್ದವರು ಮೈದಾ ಉಂಡೆಯನ್ನು ನೀರಿನಲ್ಲಿ ಕಿವುಚಿ ತೊಳೆಯಬಹುದು. ರಬ್ಬರಿನಂತಹ ಜಿಗುಟು ಕೈಯಲ್ಲಿ ಉಳಿಯುತ್ತದೆ, ಪಿಷ್ಟ ನೀರಿಗೆ ಬರುತ್ತದೆ.

ಕಾಯಿಸುವುದೇ ಇದರಲ್ಲಿ ಮುಖ್ಯ. ಒಂದು ಪಾಲು ಪಿಷ್ಟಕ್ಕೆ ನಾಲ್ಕು ಪಾಲು ನೀರು, ಸಣ್ಣ ಉರಿ, ಮರದ ಸಟ್ಟುಗ. ಮೊದಲ ಹಲವು ನಿಮಿಷ ಏನೂ ಆಗುವುದಿಲ್ಲ, ಬರೀ ಬಿಳಿ ನೀರು. ಆಮೇಲೆ ಒಮ್ಮೆಲೇ ಸಟ್ಟುಗ ಭಾರವಾಗುತ್ತದೆ. ಪಿಷ್ಟದ ಕಣಗಳು ನೀರು ಕುಡಿದು ಉಬ್ಬುವ ಹೊತ್ತು ಅದು. ಗಟ್ಟಿಯಾಯಿತೆಂದು ಇಳಿಸಬಾರದು. ತಿರುವುತ್ತಲೇ ಇದ್ದರೆ ಹಾಲುಬಿಳುಪು ಹೋಗಿ, ಬೆಂದ ಸಾಬಕ್ಕಿಯಂತೆ ಅರೆಪಾರದರ್ಶಕವಾಗುತ್ತದೆ. ಸಟ್ಟುಗ ಎತ್ತಿದರೆ ಹಾಳೆ ಹಾಳೆಯಾಗಿ ಬೀಳುತ್ತದೆ. ನನಗೆ ಇಪ್ಪತ್ತು ನಿಮಿಷ ಬೇಕಾಯಿತು. ತಣಿದ ಮೇಲೆ ಬಟ್ಟೆಯಲ್ಲಿ ಎರಡು ಸಲ ಸೋಸಿ, ಬೇಕಾದಷ್ಟನ್ನು ಮಾತ್ರ ನೀರು ಬೆರೆಸಿ ಗಟ್ಟಿ ಮಜ್ಜಿಗೆಯ ಹದಕ್ಕೆ ತಂದುಕೊಂಡೆ.

ಹುಳು ಬಾರದಿರಲೆಂದು ಇಂಥ ಅಂಟಿಗೆ ಮೈಲುತುತ್ತ ಹಾಕುವ ರೂಢಿಯಿದೆ. ಅದು ವಿಷ, ಅಡುಗೆ ಪಾತ್ರೆಯ ಹತ್ತಿರವೂ ತರಬೇಡಿ. ಪಟಿಕವೂ ಬೇಡ, ಅದರ ಹುಳಿ ಕಾಗದವನ್ನೇ ತಿನ್ನುತ್ತದೆ. ನಾನು ಏನನ್ನೂ ಹಾಕುವುದಿಲ್ಲ. ಸ್ವಲ್ಪವೇ ಮಾಡಿ, ಫ್ರಿಜ್ಜಿನಲ್ಲಿಟ್ಟು, ಮೂರು ದಿನದೊಳಗೆ ಮುಗಿಸುತ್ತೇನೆ. ಹುಳಿ ವಾಸನೆ ಬಂದರೆ ಚೆಲ್ಲುತ್ತೇನೆ.

ತೇಪೆಗೆ ತರಿಸಿದ್ದು ತೆಳುವಾದ ಜಪಾನಿ ಕಾಗದ. ಅದನ್ನು ಕತ್ತರಿಸದೆ, ನೀರಿನ ಗೆರೆ ಎಳೆದು ಕೈಯಲ್ಲೇ ಹರಿಯಬೇಕು. ಆಗ ಅಂಚಿನಲ್ಲಿ ಹತ್ತಿಯಂತೆ ನಾರು ಏಳುತ್ತದೆ, ಆ ನಾರೇ ಹಳೆಯ ಹಾಳೆಯನ್ನು ಹಿಡಿದುಕೊಳ್ಳುವುದು.

ಇಷ್ಟೆಲ್ಲ ಕಲಿತಿದ್ದರೂ ಒಂದು ತಪ್ಪಾಯಿತು. ಶಾಯಿಯನ್ನು ಪರೀಕ್ಷಿಸದೆ ತೆಳು ಅಂಟು ಹಚ್ಚಿಬಿಟ್ಟೆ. ಕಣ್ಣೆದುರೇ ‘ಆರತಿ’ಯ ‘ತಿ’ ನೀಲಿ ಮೋಡವಾಗಿ ಹರಡಿತು. ಅಮ್ಮನ ಕೈಯ ಆ ಒಂದು ಅಕ್ಷರ ಇನ್ನು ಸಿಗುವುದಿಲ್ಲ. ಅಂದು ಮತ್ತೆ ಕುಂಚ ಮುಟ್ಟಲಿಲ್ಲ.

ಈಗ ಪ್ರತಿ ಹಾಳೆಯಲ್ಲೂ ಮೊದಲು ಒಂದು ಪೂರ್ಣವಿರಾಮದ ಮೇಲೆ ಒದ್ದೆ ಹತ್ತಿ ಎಳೆಯನ್ನು ತಾಗಿಸಿ ನೋಡುತ್ತೇನೆ. ಬಣ್ಣ ಬಿಟ್ಟರೆ ಅಂಟನ್ನು ಗಟ್ಟಿಯಾಗಿಯೇ ಬಳಸುತ್ತೇನೆ. ತೇಪೆಗೆ ಅಂಟು ಸವರಿ, ಅದನ್ನು ಬೇರೆ ಕಾಗದದ ಮೇಲೆ ಒತ್ತಿ ನೀರಿನಂಶ ತೆಗೆದು, ಬೆರಳಿಗೆ ತುಸು ಅಂಟುವಷ್ಟಿದ್ದಾಗ ಅಂಚಿನಲ್ಲಿ ಮಾತ್ರ, ಬರಹ ತಪ್ಪಿಸಿ ಇಡುತ್ತೇನೆ. ಮೇಲೆ ಕೆಳಗೆ ಬಿಳಿ ಹತ್ತಿ ಬಟ್ಟೆ (ಪತ್ರಿಕೆ ಬೇಡ, ಮಸಿ ಹತ್ತುತ್ತದೆ), ಅದರ ಮೇಲೊಂದು ಹಲಗೆ, ಹಲಗೆಯ ಮೇಲೆ ಒರಳಿನ ಗುಂಡು. ಅರ್ಧ ಗಂಟೆಗೊಮ್ಮೆ ಬಟ್ಟೆ ಬದಲಿಸಿ, ರಾತ್ರಿಯಿಡೀ ಹಾಗೇ ಬಿಟ್ಟರೆ ಹಾಳೆ ಸಪಾಟಾಗಿ ಏಳುತ್ತದೆ. ಮಳೆ ಹಿಡಿದ ವಾರದಲ್ಲಿ ಈ ಕೆಲಸಕ್ಕೆ ಕೈ ಹಾಕುವುದೇ ಇಲ್ಲ, ಒಣಗುವ ಮೊದಲೇ ಬೂಷ್ಟು ಬರುತ್ತದೆ.

ಮೂವತ್ತೆರಡು ಹಾಳೆ ಮುಗಿದಿವೆ, ಒಂಬತ್ತು ಉಳಿದಿವೆ. ಹೊಲಿಗೆಗೆಂದು ಹತ್ತಿ ದಾರಕ್ಕೆ ಜೇನುಮೇಣ ಸವರಿ ಇಟ್ಟಿದ್ದೇನೆ.