256 ಅಂದದ್ದು 128 ಆಗಿ ಕೂತಾಗ

ಬಾಗಲಕೋಟೆಯ ಹಳೇ ಊರಿನಲ್ಲಿ ನಮ್ಮದೊಂದು ಚಿಕ್ಕ ಪ್ರಿಂಟಿಂಗ್ ಪ್ರೆಸ್. ಮದುವೆ ಕಾರ್ಡು, ಬಿಲ್ ಬುಕ್ಕು, ಜಾತ್ರೆ ಹ್ಯಾಂಡ್‌ಬಿಲ್ಲು. ಮೂಲೆಯಲ್ಲಿ ಕೂತಿರುವ ಪೆಂಟಿಯಂ 2 ನೋಡಿದವರೆಲ್ಲ “ಇದನ್ನ ಇನ್ನೂ ಒಗದಿಲ್ಲೇನ್ರಿ?” ಅಂತ ಕೇಳಿಯೇ ಹೋಗುತ್ತಾರೆ. ಒಗೆಯಲು ಬರುವಂತಿಲ್ಲ. ನಮ್ಮ ಹಳೇ ಕನ್ನಡ ಫಾಂಟ್ ಸಾಫ್ಟ್‌ವೇರಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಲಾಕ್ ಇದೆ. ಅದನ್ನು ಹಿಂದಿನ ಪ್ರಿಂಟರ್ ಪೋರ್ಟಿಗೆ ಸಿಗಿಸಿದರೆ ಮಾತ್ರ ಅಕ್ಷರ ಮೂಡುತ್ತವೆ. ಈಗಿನ ಕಂಪ್ಯೂಟರುಗಳಲ್ಲಿ ಆ ಪೋರ್ಟೇ ಇರುವುದಿಲ್ಲ. ಪುಟ ಜೋಡಿಸುವ ಪೇಜ್‌ಮೇಕರಿನ ಇಪ್ಪತ್ತು ವರ್ಷದ ಫೈಲುಗಳೂ ಅದರಲ್ಲೇ ಇವೆ.

ಕಾರ್ಡಿನ ಕೆಲಸಕ್ಕೆ ಏನೂ ತೊಂದರೆ ಇರಲಿಲ್ಲ. ಜಾತ್ರೆಯ ಸ್ಮರಣ ಸಂಚಿಕೆ ಒಪ್ಪಿಕೊಂಡಾಗ ಸಿಕ್ಕಿಬಿದ್ದೆ. ಇದ್ದದ್ದು 64 ಎಂಬಿ ರ‍್ಯಾಮ್ (ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ಮೆಮರಿ), ವಿಂಡೋಸ್ 98. ಪುಟಕ್ಕೆ ನಾಲ್ಕು ಫೋಟೋ ಇಟ್ಟರೆ ಸಾಕು, ರ‍್ಯಾಮ್ ತುಂಬಿ, ಹಿಡಿಸದ್ದನ್ನೆಲ್ಲ ಹಾರ್ಡ್ ಡಿಸ್ಕಿಗೆ ಬರೆಯುವುದು, ಮತ್ತೆ ಓದುವುದು. ಒಂದೇ ಸಮನೆ ಗರಗರ ಸದ್ದು. “ನೀ ಪುಟಾ ತಿರುವು, ನಾ ಛಾ ಕುಡದ್ ಬರ್ತೀನಿ” ಅಂತ ನಮ್ಮ ಕಾಕಾ ಎದ್ದೇ ಹೋಗುತ್ತಿದ್ದರು. ಬಂದಾಗಲೂ ಪುಟ ಅರ್ಧವೇ ಮೂಡಿರುತ್ತಿತ್ತು.

ರ‍್ಯಾಮ್ ಹೆಚ್ಚಿಸೋಣ ಅಂತ ಕ್ಯಾಬಿನೆಟ್ ಬಿಚ್ಚಿದೆ. ಬೋರ್ಡು ಇಂಟೆಲ್ 440ಬಿಎಕ್ಸ್ ಚಿಪ್‌ಸೆಟ್ಟಿನದು (ಪ್ರೊಸೆಸರಿಗೆ ರ‍್ಯಾಮ್ ಜೋಡಿಸುವ ಚಿಪ್ಪುಗಳು), 1998ರಲ್ಲಿ ಬಂದದ್ದು. ರ‍್ಯಾಮಿಗೆ ಮೂರು ಸ್ಲಾಟ್, ಒಂದರಲ್ಲಿ 64ರ ಸ್ಟಿಕ್, ಅಂದರೆ ರ‍್ಯಾಮ್ ಪಟ್ಟಿ. ಬೇಕಾದದ್ದು ಆ ಕಾಲದ ರ‍್ಯಾಮ್, 168 ಪಿನ್ನಿನ ಎಸ್‌ಡಿರ‍್ಯಾಮ್. ಅದರ ಅಂಚಿನಲ್ಲಿ ಎರಡು ಕಚ್ಚು ಇರುತ್ತವೆ. ಒಂದೇ ಕಚ್ಚು ಇದ್ದರೆ ಅದು ಆಮೇಲೆ ಬಂದ ಡಿಡಿಆರ್, ಈ ಸ್ಲಾಟಿಗೆ ಕೂರುವುದಿಲ್ಲ. ಮೇಲೆ ಪಿಸಿ133 (133 ಮೆಗಾಹರ್ಟ್ಸ್ ವೇಗದ್ದು) ಅಂತ ಇದ್ದರೂ ನಡೆಯುತ್ತದೆ, ಈ ಬೋರ್ಡಿನಲ್ಲಿ 100ರ ವೇಗದಲ್ಲೇ ಓಡುತ್ತದೆ. ಇಷ್ಟು ತಿಳಿದುಕೊಂಡು, ಎಲ್ಲಾ ತಿಳಿದವನ ಗತ್ತಿನಲ್ಲಿ ವಿಜಯಪುರದ ಬಸ್ ಹತ್ತಿದೆ. ಅಲ್ಲಿನ ಮೋಡ್ಕಾ (ಗುಜರಿ) ಅಂಗಡಿಯೊಂದರಲ್ಲಿ ಹಳೇ ಕಂಪ್ಯೂಟರ್ ಸಾಮಾನು ಚೀಲಗಟ್ಟಲೆ ಬಿದ್ದಿರುತ್ತದೆ. 256 ಎಂಬಿ ಅಂತ ಸ್ಟಿಕ್ಕರ್ ಇದ್ದ ಒಂದು ಸ್ಟಿಕ್ ಇನ್ನೂರು ರೂಪಾಯಿಗೆ ಸಿಕ್ಕಿತು.

ಹಾಕುವ ಕೆಲಸ ಐದು ನಿಮಿಷದ್ದು. ಆದರೆ ವೈರ್ ಕಿತ್ತೇ ಕೈ ಹಾಕಬೇಕು. ಕಂಪ್ಯೂಟರ್ ಬಂದ್ ಮಾಡಿದರೂ ಇಂಥ ಬೋರ್ಡಿಗೆ 5 ವೋಲ್ಟ್ ಹರಿಯುತ್ತಲೇ ಇರುತ್ತದೆ. ನಮ್ಮ ಬ್ಯಾಸಿಗಿಯ ಒಣ ಹವೆಯಲ್ಲಿ ಮೈಗೆ ಚಟ್ ಅಂತ ಹೊಡೆಯುವ ಕರೆಂಟೇ ಚಿಪ್ ಕೊಲ್ಲಬಹುದು, ಅದಕ್ಕೇ ಮೊದಲು ಕ್ಯಾಬಿನೆಟ್ಟಿನ ಬರಿ ತಗಡು ಮುಟ್ಟಿಕೊಂಡೆ. ಆ ತಗಡಿನ ಅಂಚಿಗೇ ಬೆರಳು ಕುಯ್ದುಕೊಂಡೆ, ಅದು ಬೇರೆ ಮಾತು. ಸ್ಟಿಕ್ಕಿನ ಎರಡೂ ತುದಿ ಸಮನಾಗಿ ಒತ್ತಿದರೆ ಬಿಳಿ ಕ್ಲಿಪ್ಪುಗಳು ತಾವೇ ಎದ್ದು ಟಿಕ್ ಅನ್ನುತ್ತವೆ.

ಆನ್ ಮಾಡಿದೆ. ಕರಿ ಪರದೆಯ ಮೇಲೆ ರ‍್ಯಾಮಿನ ಲೆಕ್ಕ ಓಡಿ 196608ಕೆಗೆ ನಿಂತಿತು (1024ಕೆ ಅಂದರೆ ಒಂದು ಎಂಬಿ), ಅಂದರೆ 192 ಎಂಬಿ. 64ಕ್ಕೆ 256 ಕೂಡಿದರೆ 327680 ಬರಬೇಕಿತ್ತಲ್ಲ? ಬಿಚ್ಚಿ, ಪಿನ್ನುಗಳನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿ, ಸ್ಲಾಟ್ ಬದಲಿಸಿದೆ. ಮತ್ತೆ ಅಷ್ಟೇ ಬಂತು. 64ನ್ನು ತೆಗೆದು ಇದೊಂದನ್ನೇ ಹಾಕಿದರೆ 131072ಕೆ. ಅಂದರೆ ಸರಿಯಾಗಿ ಅರ್ಧ.

ಮರುದಿನ ಮತ್ತೆ ವಿಜಯಪುರ. ಅಂಗಡಿಯವರ ಮೇಲೆ ಎಗರಾಡಿದೆ, ಸುಳ್ಳ ಸ್ಟಿಕ್ಕರ್ ಹಚ್ಚಿ ಮಾರ್ತೀರಿ ಅಂತ. ಅವರು ಮಾತಾಡಲಿಲ್ಲ. ಸ್ಟಿಕ್ ತಗೊಂಡು ತಮ್ಮ ಟೇಬಲ್ಲಿನ ಪೆಂಟಿಯಂ 3ಕ್ಕೆ, ಅದು 815 ಚಿಪ್‌ಸೆಟ್ಟಿನದು, ಸಿಗಿಸಿದರು. ಪೂರ್ತಿ 256 ಬಂತು. “ಮಾಲ್ ಬರೋಬರಿ ಐತ್ರೀ ಸರ. ನಿಮ್ಮ ಬೋರ್ಡ್ ಯಾವ್ದು?” ಅಂತ ಆಮೇಲೆ ಕೇಳಿದರು.

440ಬಿಎಕ್ಸ್ ಅಂದೊಡನೆ ನಕ್ಕು ಸ್ಟಿಕ್ ತಿರುವಿ ತೋರಿಸಿದರು. ಒಂದೇ ಮಗ್ಗಲಿಗೆ ಎಂಟು ಕರಿ ಚಿಪ್, ಇನ್ನೊಂದು ಮಗ್ಗಲು ಬೋಳು. ಎಂಟರಲ್ಲೇ 256 ಅಂದರೆ ಒಂದೊಂದು ಚಿಪ್ಪಿಗೆ 32 ಎಂಬಿ. ನನ್ನ ಬೋರ್ಡಿಗೆ ಒಂದು ಚಿಪ್ಪಿನಲ್ಲಿ 16ರ ಮೇಲೆ ಎಣಿಸಲು ಬರುವುದಿಲ್ಲ. ಆ ಚಿಪ್‌ಸೆಟ್ ಹುಟ್ಟಿದ್ದೇ ಅಷ್ಟು ಅಳತೆಗೆ. ಅದಕ್ಕೇ ಪ್ರತಿ ಚಿಪ್ಪಿನ ಅರ್ಧ ಮಾತ್ರ ಕಂಡಿತ್ತು. ಅದೇ 256ನ್ನು ಹದಿನಾರು ಚಿಪ್ಪಿಗೆ ಹಂಚಿದ ಸ್ಟಿಕ್ ಆದರೆ, ಎರಡೂ ಮಗ್ಗಲಿಗೆ ಎಂಟೆಂಟು, ಪೂರ್ತಿ ಕಾಣುತ್ತದೆ. ನಾನು ಸ್ಟಿಕ್ಕರ್ ಓದಿದ್ದೆ, ಚಿಪ್ ಎಣಿಸಿರಲಿಲ್ಲ. ತಪ್ಪಾಯಿತು ಅಂದೆ. ಅರ್ಧ ತಾಸು ಚೀಲ ಕೆದಕಿ ಹದಿನಾರರ ಎರಡು ಸ್ಟಿಕ್ ಆರಿಸಿದೆವು. ಬದಲಿ ಕೊಟ್ಟದ್ದು ಹೋಗಿ ಮೇಲೆ ಮುನ್ನೂರು.

ಆ ರಾತ್ರಿ ಪರದೆಯ ಮೇಲೆ 524288ಕೆ. ಹಳೇ 64ನ್ನು ಮತ್ತೆ ಹಾಕದೆ ಮೂರನೇ ಸ್ಲಾಟು ಖಾಲಿ ಬಿಟ್ಟೆ, 512 ದಾಟಿದರೆ ವಿಂಡೋಸ್ 98 ತಕರಾರು ತೆಗೆಯುತ್ತದೆ. ಫ್ಲಾಪಿಯಿಂದ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಹಚ್ಚಿ ಮಲಗಿದೆ. ನಡುರಾತ್ರಿ ಕರೆಂಟ್ ಹೋಗಿ ಮರುದಿನ ಮೊದಲಿನಿಂದ ಹಚ್ಚಬೇಕಾಯಿತು. ಮೋಡ್ಕಾ ಮಾಲಿಗೆ ಈ ಪರೀಕ್ಷೆ ಬಿಡಲೇಬಾರದು, ಒಂದು ಚಿಪ್ ಕೆಟ್ಟಿದ್ದರೂ ಫೈಲೇ ಹಾಳಾಗುತ್ತದೆ. ತಪ್ಪು ತೋರಿಸುವ ಒಂದೂ ಕೆಂಪು ಗೆರೆ ಬರಲಿಲ್ಲ.

ಸಂಚಿಕೆ ತೆರೆದೆ. ಫೋಟೋ ಪುಟ ಒತ್ತಿದ ಹಾಗೇ ಬಂತು. ಛಾಕ್ಕೆ ಎದ್ದಿದ್ದ ಕಾಕಾ ಬಾಗಿಲಲ್ಲೇ ನಿಂತರು.

“ಆತೇನು?”

“ಆತ್ರೀ ಕಾಕಾ.”

“ಹಂಗಾರ ಮುಂದಿನ ಪುಟಾ ನೋಡು” ಅಂದು ಚಪ್ಪಲಿ ಮೆಟ್ಟಿ ಹೊರಟೇ ಹೋದರು.