ಟ್ಯೂಬಿಂಗನ್‌ಗೆ ಹೊಸದಾಗಿ ಬಂದಿದ್ದೀರಾ? ಮೊದಲ ಭಾನುವಾರ ಹೀಗೆ ನಡೆಯಿರಿ

ಜರ್ಮನಿಯ ಟ್ಯೂಬಿಂಗನ್‌ಗೆ ಬಂದ ಮೊದಲ ವಾರ ಎಲ್ಲರದೂ ಒಂದೇ ಕಥೆ. ವಿಳಾಸ ನೋಂದಣಿ, ಬ್ಯಾಂಕ್ ಖಾತೆ, ಆರೋಗ್ಯ ವಿಮೆ, ಸಿಮ್ ಕಾರ್ಡು. ಓಡಾಟದಲ್ಲೇ ದಿನ ಕಳೆಯುತ್ತದೆ. ಆಮೇಲೆ ಭಾನುವಾರ ಬರುತ್ತದೆ. ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಬೀದಿಯಲ್ಲಿ ಸದ್ದಿಲ್ಲ. ಕೋಣೆಯಲ್ಲಿ ಒಬ್ಬರೇ ಕೂತರೆ ಮನೆಯ ನೆನಪು ಜಾಸ್ತಿಯಾಗುತ್ತದೆ. ಆ ದಿನ ಕೋಣೆಯಲ್ಲಿ ಕೂರಬೇಡಿ. ಗಟ್ಟಿ ಅಡಿಯ ಶೂ ಹಾಕಿಕೊಂಡು ಹಳೇ ಊರಿಗೆ ಹೋಗಿ. ಅಲ್ಲಿ ನೆಲಕ್ಕೆಲ್ಲ ಗುಂಡುಕಲ್ಲು ಹಾಸಿದ್ದಾರೆ, ಮಳೆ ಬಂದರೆ ಜಾರುತ್ತದೆ.

ಹೊರಡುವ ಮುಂಚೆ ಒಂದು ವಿಷಯ ಹೇಳಿಬಿಡುತ್ತೇನೆ. ನಾನು ಈ ಊರಿಗೆ ಬಂದು ಎರಡು ವರ್ಷ ಆದ ಮೇಲೆ ನನಗೆ ಗೊತ್ತಾಯಿತು. ನಿಮಗೆ ಮೊದಲ ವಾರವೇ ಗೊತ್ತಾಗಲಿ. ನಮ್ಮ ಕಿಟೆಲ್, ಅಂದರೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ-ಇಂಗ್ಲಿಷ್ ನಿಘಂಟಿನ ಫರ್ಡಿನಾಂಡ್ ಕಿಟೆಲ್, ಕೊನೆಯ ದಿನಗಳನ್ನು ಕಳೆದದ್ದು ಟ್ಯೂಬಿಂಗನ್‌ನಲ್ಲಿ. 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಇಲ್ಲಿನ ವಿಶ್ವವಿದ್ಯಾಲಯ. 1903ರಲ್ಲಿ ಅವರು ತೀರಿಕೊಂಡದ್ದೂ ಇಲ್ಲೇ. ಇದು ತಿಳಿದ ದಿನ ನಾನು ದಿನಾ ನಡೆಯುವ ಬೀದಿಗಳನ್ನೇ ಮತ್ತೊಂದು ಸಲ ನಿಧಾನವಾಗಿ ನಡೆದೆ.

ನೆಕ್ಕರ್ ನದಿಯ ಸೇತುವೆಯಿಂದ ಶುರು ಮಾಡಿ. ರೈಲು ನಿಲ್ದಾಣದಿಂದ ಕಾಲ್ನಡಿಗೆಯ ದೂರ. ಸೇತುವೆ ಮೇಲೆ ನಿಂತರೆ ಹಳದಿ, ಗುಲಾಬಿ, ತಿಳಿನೀಲಿ ಬಣ್ಣದ ಎತ್ತರದ ಮನೆಗಳು ನೀರಿನ ಅಂಚಿಗೇ ಸಾಲಾಗಿ ನಿಂತಿರುವುದು ಕಾಣುತ್ತದೆ. ಊರಿನ ಎಲ್ಲ ಪೋಸ್ಟ್‌ಕಾರ್ಡುಗಳಲ್ಲೂ ಇರುವ ಚಿತ್ರ ಅದೇ. ಸೇತುವೆಯ ನಡುವಿನಿಂದ ಮೆಟ್ಟಿಲು ಇಳಿದರೆ ನದಿಯ ಮಧ್ಯದ ಉದ್ದನೆಯ ದ್ವೀಪ. ಅಲ್ಲಿ ಸುಮಾರು 200 ವರ್ಷ ಹಳೆಯ ಪ್ಲೇನ್ ಮರಗಳ ಎರಡು ಸಾಲು. ಬೇಸಿಗೆಯಲ್ಲಿ ಆ ನೆರಳಿನಲ್ಲಿ ಕೂತರೆ ಏಳಲು ಮನಸ್ಸಾಗುವುದಿಲ್ಲ. ಪಕ್ಕದಲ್ಲೇ ಚಪ್ಪಟೆ ತಳದ ಉದ್ದ ದೋಣಿಗಳು ಹೋಗುತ್ತಿರುತ್ತವೆ. ಹಿಂದೆ ನಿಂತವರು ಉದ್ದನೆಯ ಗಳವನ್ನು ನದಿಯ ತಳಕ್ಕೆ ಊರಿ ತಳ್ಳುತ್ತಾರೆ. ಇದಕ್ಕೆ ಶ್ಟೋಖರ್‌ಕಾನ್ ಅನ್ನುತ್ತಾರೆ. ಫ್ರೋನ್‌ಲೈಖ್‌ನಾಮ್ ಎಂಬ ರಜೆಯ ದಿನ, ಸಾಮಾನ್ಯವಾಗಿ ಜೂನ್ ಹೊತ್ತಿಗೆ, ಈ ದೋಣಿಗಳ ಪಂದ್ಯ ನಡೆಯುತ್ತದೆ. ಸೋತ ತಂಡದವರು ಎಲ್ಲರೆದುರು ಮೀನೆಣ್ಣೆ ಕುಡಿಯಬೇಕು. ಬೇಗ ಹೋಗಿ ಜಾಗ ಹಿಡಿಯಿರಿ, ದಡದ ತುಂಬ ಜನ ಇರುತ್ತಾರೆ.

ದ್ವೀಪದಿಂದ ಎದುರಿಗೆ ಒಂದು ಹಳದಿ ಗೋಪುರ ಕಾಣುತ್ತದೆ. ಕವಿ ಫ್ರೀಡ್ರಿಶ್ ಹೋಲ್ಡರ್ಲಿನ್ ಬದುಕಿದ್ದ ಮನೆ ಅದು. ಅವರಿಗೆ ಮನಸ್ಸಿನ ಕಾಯಿಲೆ ಬಂದಿತ್ತು. ಹತ್ತಿರದಲ್ಲೇ ಇದ್ದ ಆಸ್ಪತ್ರೆಯ ವೈದ್ಯರು ಕೈಚೆಲ್ಲಿದರು, ಬದುಕಿದರೆ ಇನ್ನು ಮೂರು ವರ್ಷ ಎಂದರು. ಆಗ ಎರ್ನ್ಸ್ಟ್ ತ್ಸಿಮ್ಮರ್ ಎಂಬ ಬಡಗಿ ಅವರನ್ನು ತನ್ನ ಮನೆಗೆ ಕರೆದುಕೊಂಡು ಬಂದ. ಅವರ ಬರಹ ಓದಿ ಮೆಚ್ಚಿದ್ದವನು ಆತ. ಅದು 1807. ಹೋಲ್ಡರ್ಲಿನ್ ಅಲ್ಲಿ ಮೂರಲ್ಲ, 36 ವರ್ಷ ಬದುಕಿದರು. ಬಡಗಿ ತೀರಿಕೊಂಡ ಮೇಲೆ ಅವನ ಮಗಳು ನೋಡಿಕೊಂಡಳು. ಈಗಿರುವ ಗೋಪುರ 1875ರ ಬೆಂಕಿಯ ನಂತರ ಮತ್ತೆ ಕಟ್ಟಿದ್ದು. ಆದರೂ ಕಿಟಕಿಯಿಂದ ಕಾಣುವ ನದಿ ಅದೇ. ಈ ಊರಿನಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ಕಥೆ ಇದು. ಆ ಬಡಗಿಯ ಮನೆಯವರ ಹೆಸರನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಅಲ್ಲಿಂದ ಸ್ವಲ್ಪ ಮುಂದೆ, ಕೋಟೆಯ ಬುಡದಲ್ಲಿ, ಎವಾಂಗೆಲಿಶಸ್ ಶ್ಟಿಫ್ಟ್ ಇದೆ. ಮೊದಲು ಅದು ಕ್ರೈಸ್ತ ಮಠ. 1536ರಿಂದ ಧರ್ಮಶಾಸ್ತ್ರ ಓದುವ ವಿದ್ಯಾರ್ಥಿಗಳಿಗೆ ಊಟ, ವಸತಿ ಕೊಟ್ಟು ಓದಿಸುವ ಸಂಸ್ಥೆ. ನಮ್ಮ ಕಡೆಯ ಮಠಗಳ ವಿದ್ಯಾರ್ಥಿನಿಲಯ ನೋಡಿದವರಿಗೆ ಈ ಏರ್ಪಾಡು ಬೇಗ ಅರ್ಥವಾಗುತ್ತದೆ. ಗ್ರಹಗಳ ಚಲನೆಯ ನಿಯಮ ಕಂಡುಹಿಡಿದ ಕೆಪ್ಲರ್ ಇಲ್ಲಿ ಓದಿದವರು. ತತ್ವಜ್ಞಾನಿಗಳಾದ ಹೆಗೆಲ್, ಶೆಲ್ಲಿಂಗ್, ಜೊತೆಗೆ ಹೋಲ್ಡರ್ಲಿನ್ ಮೂವರೂ ಇಲ್ಲಿ ಒಂದೇ ಕೋಣೆಯಲ್ಲಿದ್ದರು. ಎಲ್ಲ ಪ್ರವಾಸಿ ಪುಸ್ತಕಗಳೂ ಇಷ್ಟನ್ನು ಹೇಳುತ್ತವೆ. ನಾನು ಇನ್ನೊಂದು ಹೆಸರು ಸೇರಿಸುತ್ತೇನೆ, ಹರ್ಮನ್ ಮೋಗ್ಲಿಂಗ್. 1843ರ ಜುಲೈ 1ರಂದು ‘ಮಂಗಳೂರು ಸಮಾಚಾರ’ ಹೊರತಂದವರು. ಕನ್ನಡದ ಮೊದಲ ಪತ್ರಿಕೆ ಅದು. ಆ ಸಂಪಾದಕರು ಇಪ್ಪತ್ತರ ಹುಡುಗನಾಗಿದ್ದಾಗ ಓಡಾಡಿದ್ದು ಈ ಅಂಗಳದಲ್ಲಿ. ಮುಂದೆ ಅವರು ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಆ ಕೆಲಸಕ್ಕಾಗಿ 1858ರಲ್ಲಿ ಟ್ಯೂಬಿಂಗನ್ ಅವರಿಗೂ ಗೌರವ ಡಾಕ್ಟರೇಟ್ ಕೊಟ್ಟಿತು. ಮಲಯಾಳಕ್ಕೆ ನಿಘಂಟು ಮಾಡಿದ ಹರ್ಮನ್ ಗುಂಡರ್ಟ್ ಕೂಡ ಇದೇ ಶ್ಟಿಫ್ಟ್‌ನವರು, ಮೋಗ್ಲಿಂಗರ ಗೆಳೆಯ. ಇವರೆಲ್ಲ ನಮ್ಮ ಕಡೆಗೆ ಬಂದದ್ದು ಮತಪ್ರಚಾರಕ್ಕೆ, ಅದರಲ್ಲಿ ಅನುಮಾನವಿಲ್ಲ. ಆದರೆ ಭಾಷೆಗೆ ಅವರು ಕೊಟ್ಟ ಶ್ರಮ ಮತ್ತು ಅಕ್ಕರೆ ಇವತ್ತಿಗೂ ನಮ್ಮ ಕೈಯಲ್ಲಿದೆ. ಒಳಗೆ ಈಗಲೂ ವಿದ್ಯಾರ್ಥಿಗಳು ವಾಸ ಮಾಡುತ್ತಾರೆ. ಅಂಗಳದಲ್ಲಿ ಮೆಲ್ಲಗೆ ಮಾತಾಡಿ.

ಈಗ ಏರು ಹತ್ತಿ. ಮೇಲೆ ಹೋಹನ್‌ಟ್ಯೂಬಿಂಗನ್ ಕೋಟೆ. 1078ರಲ್ಲೇ ಇದರ ಉಲ್ಲೇಖ ಸಿಗುತ್ತದೆ. ಈಗಿನ ಕಟ್ಟಡ ಬಹುಪಾಲು 16ನೇ ಶತಮಾನದ್ದು. ಹೊರಬಾಗಿಲಿನ ಕೆತ್ತನೆಗೆ ಎರಡು ನಿಮಿಷ ಕೊಡಿ. ಒಳಗಿನ ಅಂಗಳಕ್ಕೆ ಟಿಕೆಟ್ ಬೇಡ. ವಸ್ತುಸಂಗ್ರಹಾಲಯಕ್ಕೆ ಬೇಕು, ಆದರೆ ಆ ದುಡ್ಡು ಖಂಡಿತ ಕೊಡಿ. ಅಲ್ಲಿ ಎರಡು ವಸ್ತುಗಳಿಗಾಗಿ ನಾನು ಮತ್ತೆ ಮತ್ತೆ ಹೋಗುತ್ತೇನೆ. ಒಂದು, ಮ್ಯಾಮತ್ ಆನೆಯ ದಂತದಲ್ಲಿ ಕೆತ್ತಿದ ಪುಟ್ಟ ಮ್ಯಾಮತ್. ನಾಲ್ಕು ಸೆಂಟಿಮೀಟರ್ ಕೂಡ ಇಲ್ಲ. ಫೋಗೆಲ್‌ಹೆರ್ಡ್ ಗುಹೆಯಲ್ಲಿ ಸಿಕ್ಕಿದ್ದು. ಇಂಥ ಗೊಂಬೆಗಳಿಗೆ ಸುಮಾರು 40,000 ವರ್ಷ. ಕುದುರೆಯೊಂದಿದೆ, ಅದರ ಕತ್ತಿನ ಬಾಗು ನೋಡಿದರೆ ಕೆತ್ತಿದವರ ಬೆರಳು ಇನ್ನೂ ಅಲ್ಲೇ ಇದೆ ಅನ್ನಿಸುತ್ತದೆ. ಇನ್ನೊಂದು, ಕೋಟೆಯ ಹಳೇ ಅಡುಗೆಮನೆ. 19ನೇ ಶತಮಾನದಲ್ಲಿ ಅದನ್ನು ಪ್ರಯೋಗಾಲಯ ಮಾಡಿದ್ದರು. 1869ರಲ್ಲಿ ಫ್ರೀಡ್ರಿಶ್ ಮೀಶರ್ ಎಂಬ ಯುವಕ ಆಸ್ಪತ್ರೆಯಿಂದ ಕೀವು ಹತ್ತಿದ ಬ್ಯಾಂಡೇಜ್ ತರಿಸಿಕೊಂಡು, ಅದರ ಜೀವಕೋಶಗಳಿಂದ ಒಂದು ಹೊಸ ಪದಾರ್ಥ ಬೇರ್ಪಡಿಸಿದ. ಅದಕ್ಕೆ ನ್ಯೂಕ್ಲಿಯಿನ್ ಎಂದು ಹೆಸರಿಟ್ಟ. ನಾವು ಇವತ್ತು ಡಿಎನ್ಎ ಅನ್ನುವುದು ಅದನ್ನೇ. ಜೀವವಿಜ್ಞಾನ ಓದಲು ಬಂದ ಹುಡುಗ ಹುಡುಗಿಯರು ಆ ಕೋಣೆಯಲ್ಲಿ ಒಮ್ಮೆ ನಿಲ್ಲಲೇಬೇಕು.

ಕೋಟೆಯಿಂದ ಇಳಿದರೆ ಪೇಟೆಯ ಚೌಕ. ಸೋಮವಾರ, ಬುಧವಾರ, ಶುಕ್ರವಾರ ಇಲ್ಲಿ ಸಂತೆ. ಸುತ್ತಲೂ ಮರದ ಚೌಕಟ್ಟಿನ ಮನೆಗಳು. ಮೊದಲು ದಪ್ಪ ತೊಲೆಗಳನ್ನು ನಿಲ್ಲಿಸಿ, ಅಡ್ಡ ಹಾಕಿ, ಓರೆ ಕೊಟ್ಟು ಗೂಡು ಕಟ್ಟುತ್ತಿದ್ದರು. ನಡುವಿನ ಜಾಗಕ್ಕೆ ಕಡ್ಡಿ ಹೆಣೆದು ಮಣ್ಣು ಮೆತ್ತುತ್ತಿದ್ದರು. ಭಾರ ಹೊರುವುದು ಮರ, ಗೋಡೆ ಅಲ್ಲ. ಎಷ್ಟೋ ಮನೆಗಳಲ್ಲಿ ಮೇಲಿನ ಮಹಡಿ ಕೆಳಗಿನದಕ್ಕಿಂತ ಮುಂದೆ ಚಾಚಿರುತ್ತದೆ. ತಲೆ ಎತ್ತಿ ನೋಡಿ, ಕಿರಿದಾದ ಗಲ್ಲಿಯಲ್ಲಿ ಎದುರುಬದುರು ಮನೆಗಳು ಮೇಲೆ ಮೇಲೆ ಹತ್ತಿರವಾಗುತ್ತಾ ಹೋಗುತ್ತವೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಎಷ್ಟೋ ಊರುಗಳು ನೆಲಸಮವಾದವು. ಈ ಊರಿನ ಹಳೇ ಭಾಗ ಉಳಿಯಿತು. ಹಾಗಾಗಿ ನೀವು ನೋಡುತ್ತಿರುವುದು ಬಹುಪಾಲು ನಿಜವಾಗಿ ಹಳೆಯದೇ.

ಚೌಕದಲ್ಲಿರುವ ಪುರಭವನ 1435ರದ್ದು. ಮುಂಭಾಗದ ಚಿತ್ರಗಳು ಮಾತ್ರ 19ನೇ ಶತಮಾನದವು. ಎಲ್ಲರೂ ಆ ಚಿತ್ರಗಳ ಮುಂದೆ ಫೋಟೋ ತೆಗೆದುಕೊಂಡು ಹೋಗುತ್ತಾರೆ. ನೀವು ಇನ್ನೂ ಮೇಲೆ ನೋಡಿ. ಅಲ್ಲಿ ಒಂದು ಖಗೋಳ ಗಡಿಯಾರ ಇದೆ. 1511ರಲ್ಲಿ ಯೊಹಾನೆಸ್ ಶ್ಟೋಫ್ಲರ್ ಎಂಬ ಪ್ರಾಧ್ಯಾಪಕರು ಮಾಡಿದ್ದು. ಚಂದ್ರನ ಕಲೆ, ರಾಶಿಗಳು ಎಲ್ಲ ಅದರಲ್ಲಿವೆ. ಡ್ರ್ಯಾಗನ್ ಆಕಾರದ ಒಂದು ಮುಳ್ಳೂ ಇದೆ. ಚಂದ್ರನ ದಾರಿ ಸೂರ್ಯನ ದಾರಿಯನ್ನು ದಾಟುವ ಎರಡು ಬಿಂದುಗಳನ್ನು, ಅಂದರೆ ಗ್ರಹಣ ಆಗಬಹುದಾದ ಜಾಗಗಳನ್ನು, ಅದು ತೋರಿಸುತ್ತದೆ. ನಮ್ಮ ಪಂಚಾಂಗದ ರಾಹು ಕೇತು ಅಂದರೆ ಅದೇ ಎರಡು ಬಿಂದುಗಳು. ನಮ್ಮಪ್ಪ ಊರಿಂದ ಬಂದಿದ್ದಾಗ ಅವರಿಗೆ ಚರ್ಚು ಕೋಟೆಗಳಿಗಿಂತ ಇದು ಇಷ್ಟವಾಯಿತು. ಕುತ್ತಿಗೆ ನೋಯುವಷ್ಟು ಹೊತ್ತು ನಿಂತು ನೋಡಿದರು. ನಿಮ್ಮ ಮನೆಯ ಹಿರಿಯರು ಬಂದರೆ ಮರೆಯದೆ ಇಲ್ಲಿಗೆ ಕರೆದುಕೊಂಡು ಬನ್ನಿ.

ಹತ್ತು ಹೆಜ್ಜೆ ಆಚೆ ಶ್ಟಿಫ್ಟ್ಸ್‌ಕಿರ್ಖೆ, ಊರಿನ ದೊಡ್ಡ ಚರ್ಚು. 1470ರಲ್ಲಿ ಈಗಿನ ಕಟ್ಟಡದ ಕೆಲಸ ಶುರುವಾಯಿತು. ಒಳಗೆ ಈ ಸೀಮೆಯನ್ನು ಆಳಿದ ವ್ಯುರ್ಟೆಂಬರ್ಗ್ ಅರಸರ ಸಮಾಧಿಗಳಿವೆ, ಮೇಲೆ ಮಲಗಿದ ಕಲ್ಲಿನ ಮೂರ್ತಿಗಳು. ಅಲ್ಲಿ ಗಡ್ಡದ ಎಬರ್‌ಹಾರ್ಡ್ ಎಂದೇ ಹೆಸರಾದ ಅರಸನೂ ಇದ್ದಾನೆ. 1477ರಲ್ಲಿ ವಿಶ್ವವಿದ್ಯಾಲಯ ಸ್ಥಾಪಿಸಿದವನು ಅವನು. ‘ಅಟೆಂಪ್ಟೊ’ ಎಂಬುದು ಅವನ ಧ್ಯೇಯವಾಕ್ಯ, ಧೈರ್ಯ ಮಾಡುತ್ತೇನೆ ಅಂತ ಅರ್ಥ. ಊರಿನಲ್ಲಿ ಆ ಪದ ಅಲ್ಲಲ್ಲಿ ಕಾಣುತ್ತದೆ.

ಅದೇ ವರ್ಷ, ಅದೇ ಅರಸ ಯೆಹೂದಿಗಳನ್ನು ಊರಿನಿಂದ ಹೊರಗೆ ಹಾಕಿದ. ಹೊಸ ವಿಶ್ವವಿದ್ಯಾಲಯದ ಊರಿನಲ್ಲಿ ಅವರು ಇರಕೂಡದು ಎಂದ. ಇದನ್ನೂ ತಿಳಿದುಕೊಂಡೇ ಆ ಸಮಾಧಿಯ ಮುಂದೆ ನಿಲ್ಲಬೇಕು. ನಾಲ್ಕು ಶತಮಾನ ಕಳೆದ ಮೇಲೆ, 19ನೇ ಶತಮಾನದಲ್ಲಿ, ಯೆಹೂದಿ ಕುಟುಂಬಗಳು ಮತ್ತೆ ಬಂದು ಗಾರ್ಟನ್‌ಶ್ಟ್ರಾಸೆಯಲ್ಲಿ ಪ್ರಾರ್ಥನಾಮಂದಿರ ಕಟ್ಟಿಕೊಂಡರು. 1938ರ ನವೆಂಬರ್ 9ರ ರಾತ್ರಿ ನಾಜಿಗಳು ಅದನ್ನು ಸುಟ್ಟರು. ಈಗ ಆ ಜಾಗದಲ್ಲಿ ಸ್ಮಾರಕ ಇದೆ. ನಡೆಯುವಾಗ ನೆಲದಲ್ಲಿ ಅಂಗೈಯಷ್ಟು ಹಿತ್ತಾಳೆ ಫಲಕ ಕಂಡರೆ ನಿಂತು ಓದಿ. ನಾಜಿಗಳ ಕಾಲದಲ್ಲಿ ಊರು ಬಿಟ್ಟು ಓಡಬೇಕಾದವರ, ಕೊಲೆಯಾದವರ ಹೆಸರುಗಳು ಅವು, ಅವರು ಬದುಕಿದ್ದ ಮನೆಯ ಎದುರಿಗೇ ಹಾಕಿದ್ದಾರೆ.

ಪ್ರವಾಸಿಗಳು ಸಾಮಾನ್ಯವಾಗಿ ಚೌಕದಿಂದ ವಾಪಸ್ ಹೋಗುತ್ತಾರೆ. ನೀವು ಕೆಳಗಿನ ಊರಿಗೂ ಹೋಗಿ. ಮೇಲಿನ ಊರು ಪ್ರಾಧ್ಯಾಪಕರದು, ಅಧಿಕಾರಿಗಳದು. ಕೆಳಗಿನ ಊರು ದ್ರಾಕ್ಷಿ ಬೆಳೆಯುತ್ತಿದ್ದ ಬಡ ರೈತರದು. ಅವರನ್ನು ಗೋಗನ್ ಎಂದು ಕರೆಯುತ್ತಿದ್ದರು. ಒರಟು ಮಾತಿಗೆ, ಚುರುಕು ಉತ್ತರಕ್ಕೆ ಅವರು ಹೆಸರುವಾಸಿ. ಇಲ್ಲಿನ ಮನೆಗಳು ಚಿಕ್ಕವು, ಅಗಲ ಬಾಗಿಲಿನ ಕೊಟ್ಟಿಗೆಗಳು ಮನೆಗೇ ಅಂಟಿಕೊಂಡಿವೆ. ಅಮ್ಮರ್ ಕಾಲುವೆ ಬೀದಿಯ ಪಕ್ಕದಲ್ಲೇ ಹರಿಯುತ್ತದೆ. ಅದರ ದಂಡೆಯ ಹಳೇ ಮನೆಯೊಂದರಲ್ಲಿ 16ನೇ ಶತಮಾನದ ಗಿಡಮೂಲಿಕೆ ಪಂಡಿತ ಲಿಯೊನ್‌ಹಾರ್ಟ್ ಫುಕ್ಸ್ ಇದ್ದರು. ಫ್ಯೂಷಿಯಾ ಹೂವಿನ ಹೆಸರು ಅವರಿಂದಲೇ ಬಂದದ್ದು. ಹತ್ತಿರದ ಕೋರ್ನ್‌ಹೌಸ್ ಮೊದಲು ಧಾನ್ಯದ ಕಣಜ, ಈಗ ನಗರ ವಸ್ತುಸಂಗ್ರಹಾಲಯ. ಅಲ್ಲಿ ಲೊಟ್ಟೆ ರೈನಿಗರ್ ಎಂಬ ಕಲಾವಿದೆಯ ಕೆಲಸ ಇಟ್ಟಿದ್ದಾರೆ. ಕಪ್ಪು ಕಾಗದ ಕತ್ತರಿಸಿ, ಕೀಲು ಹಾಕಿ, ನೆರಳಿನ ಸಿನಿಮಾ ಮಾಡಿದವರು. ತೊಗಲುಗೊಂಬೆ ಆಟ ನೋಡಿ ಬೆಳೆದವರು ಆ ಕತ್ತರಿಯ ಕೆಲಸದ ಮುಂದೆ ಬಹಳ ಹೊತ್ತು ನಿಲ್ಲುತ್ತೀರಿ.

ಊಟದ ವಿಷಯ ಸ್ವಲ್ಪ. ಸಸ್ಯಾಹಾರಿಗಳಿಗೆ ಕೇಸೆಶ್ಪೆಟ್ಸ್‌ಲೆ ಎಂಬ ನೂಡಲ್ಸ್‌ನಂಥ ತಿನಿಸು ಒಳ್ಳೆಯದು, ಚೀಸ್ ಬೆರೆಸಿ ಮೇಲೆ ಹುರಿದ ಈರುಳ್ಳಿ ಹಾಕುತ್ತಾರೆ. ಆದರೆ ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ. ಕಡುಬಿನಂಥ ಮೌಲ್‌ಟಾಶನ್ ಒಳಗೆ ಸಾಮಾನ್ಯವಾಗಿ ಮಾಂಸ, ಕೇಳಿಯೇ ತಗೊಳ್ಳಿ. ಪಾರ್ಸೆಲ್‌ಗೆ ಮನೆಯಿಂದ ಡಬ್ಬಿ ಒಯ್ಯಿರಿ. 2022ರಿಂದ ಈ ಊರಿನಲ್ಲಿ ಬಿಸಾಡುವ ಲೋಟ, ಡಬ್ಬಿಗಳ ಮೇಲೆ ತೆರಿಗೆ ಇದೆ, ಒಂದಕ್ಕೆ 50 ಸೆಂಟ್. ಇದರ ವಿರುದ್ಧದ ಮೊಕದ್ದಮೆ ಸಂವಿಧಾನ ನ್ಯಾಯಾಲಯದವರೆಗೂ ಹೋಯಿತು. 2025ರಲ್ಲಿ ಊರೇ ಗೆದ್ದಿತು. ನಮ್ಮ ಅಮ್ಮ ಬ್ಯಾಗಿಗೆ ತುರುಕಿ ಕಳಿಸಿದ್ದ ಸ್ಟೀಲ್ ಡಬ್ಬಿ ಈಗ ದಿನಾ ಕೆಲಸಕ್ಕೆ ಬರುತ್ತದೆ.

ವಾರದ ದಿನ ಬಿಡುವಿದ್ದರೆ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ. ಗುಂಡರ್ಟ್ ಬಿಟ್ಟುಹೋದ ಹಸ್ತಪ್ರತಿ, ಹಳೇ ಪುಸ್ತಕಗಳು ಅಲ್ಲಿವೆ. 2018ರಲ್ಲಿ ಅವನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಹೆಚ್ಚಿನವು ಮಲಯಾಳದವು, ಕನ್ನಡದವೂ ಇವೆ. ಮನೆಯಲ್ಲೇ ಕೂತು ನೋಡಬಹುದು. ನಿಘಂಟಿನ ಮಾತು ಬಂದರೆ ಇನ್ನೊಬ್ಬರನ್ನು ಬಿಡುವ ಹಾಗಿಲ್ಲ, ರುಡಾಲ್ಫ್ ರೋಟ್. ಇಲ್ಲೇ ಪಾಠ ಹೇಳುತ್ತಾ, ಬೋಟ್‌ಲಿಂಕ್ ಎಂಬ ಇನ್ನೊಬ್ಬ ವಿದ್ವಾಂಸರ ಜೊತೆ ಸೇರಿ ಏಳು ಸಂಪುಟಗಳ ಸಂಸ್ಕೃತ ನಿಘಂಟು ಮಾಡಿದವರು. ಕಿಟೆಲ್‌ಗೆ ಡಾಕ್ಟರೇಟ್ ಸಿಗುವ ಹಿಂದಿನ ವರ್ಷ ಅವರು ತೀರಿಕೊಂಡಿದ್ದರು. ಸುಮಾರು 70,000 ಪದಗಳ ಕನ್ನಡ ನಿಘಂಟಿನ ಹಿಂದಿನ ದುಡಿಮೆ ಎಷ್ಟೆಂದು ಅರ್ಥವಾಗುವ ಊರು ಇದಾಗಿತ್ತು.

ಎರಡನೇ ಭಾನುವಾರಕ್ಕೆ ಬೇಬನ್‌ಹೌಸನ್ ಇಟ್ಟುಕೊಳ್ಳಿ. ಉತ್ತರಕ್ಕೆ ಸುಮಾರು ಐದು ಕಿಲೋಮೀಟರ್, ಕಾಡಿನ ಅಂಚಿನಲ್ಲಿ 12ನೇ ಶತಮಾನದ ಮಠ. ಬೇಸಿಗೆಯ ಊಟದ ಮನೆಯಲ್ಲಿ ಮೂರೇ ತೆಳು ಕಂಬ. ಅವುಗಳ ಮೇಲೆ ಕಲ್ಲಿನ ಚಾವಣಿ ಕೊಡೆ ಬಿಚ್ಚಿದ ಹಾಗೆ ಹರಡಿದೆ. ವ್ಯುರ್ಟೆಂಬರ್ಗ್‌ನ ಕೊನೆಯ ರಾಜ ಎರಡನೇ ವಿಲ್‌ಹೆಲ್ಮ್ ಪಟ್ಟ ಬಿಟ್ಟ ಮೇಲೆ ಇಲ್ಲೇ ಇದ್ದ, 1921ರಲ್ಲಿ ಇಲ್ಲೇ ಸತ್ತ. ಕಲ್ಲಿನ ಕಟ್ಟಡ, ಒಳಗೆ ಬೇಸಿಗೆಯಲ್ಲೂ ತಣ್ಣಗಿರುತ್ತದೆ, ಒಂದು ಸ್ವೆಟರ್ ಇರಲಿ. ವಾಪಸ್ ಬಸ್ಸಿನ ಸಮಯ ನೋಡಿಕೊಂಡೇ ಒಳಗೆ ಹೋಗಿ, ಭಾನುವಾರ ಬಸ್ಸು ಕಡಿಮೆ. ತಪ್ಪಿಹೋದರೆ ಕಾಡಿನ ದಾರಿಯಲ್ಲಿ ನಡೆದೇ ಊರು ಸೇರಬಹುದು, ದಾರಿ ಸಲೀಸಾಗಿದೆ.